ಸಾಣೆಗೆ ಬಗ್ಗದ ಅಲಗು

ಮೊದಲನೇ ಮಹಾಯುದ್ಧ ಮುಗಿದ ಹೊತ್ತಿಗೆ ಬರ್ಲಿನ್ನಿನ ಓಸ್ರಾಮ್ ಬಲ್ಬ್ ಕಂಪನಿಗೆ ವಜ್ರದ ಖರ್ಚು ತಲೆನೋವಾಗಿತ್ತು. ಬಲ್ಬಿನೊಳಗೆ ಉರಿಯುವ ಟಂಗ್‌ಸ್ಟನ್ ತಂತಿ ಕೂದಲಿಗಿಂತ ತೆಳು. ಅಷ್ಟು ತೆಳ್ಳಗೆ ತಂತಿ ಎಳೆಯಲು ವಜ್ರದಲ್ಲಿ ತೂತು ಕೊರೆದ ಅಚ್ಚುಗಳು ಬೇಕು. ಉಕ್ಕಿನ ಅಚ್ಚು ಹಾಕಿದರೆ ಟಂಗ್‌ಸ್ಟನ್ ಅದನ್ನೇ ಸವೆಸಿಬಿಡುತ್ತಿತ್ತು. ಯುದ್ಧದಲ್ಲಿ ಸೋತು ಬಸವಳಿದಿದ್ದ ಜರ್ಮನಿಗೆ ಹೊರದೇಶದ ವಜ್ರ ಸುಲಭಕ್ಕೆ ಕೈಗೆಟುಕುವ ಸರಕಲ್ಲ. ಬದಲಿ ಹುಡುಕುವ ಕೆಲಸ ಕಾರ್ಲ್ ಶ್ರೋಟರ್ ಮತ್ತು ಸಂಗಡಿಗರ ಪಾಲಿಗೆ ಬಂತು. ಇಂದು ಮರ ಕಡೆಯುವವರ ಲೇತ್ ಪಕ್ಕದಲ್ಲಿ ಕಾಣುವ ಕಾರ್ಬೈಡ್ ಉಳಿಯ ಮೂಲ ಇರುವುದು ಅಲ್ಲಿ, ಬಡಗಿಯ ಕಸುಬಿಗೆ ಎಳ್ಳಷ್ಟೂ ಸಂಬಂಧವಿಲ್ಲದ ಜಾಗದಲ್ಲಿ.

ಟಂಗ್‌ಸ್ಟನ್ ಕಾರ್ಬೈಡ್ ಆಗ ಹೊಸ ಪದಾರ್ಥವೇನೂ ಆಗಿರಲಿಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಆನ್ರಿ ಮ್ವಾಸಾನ್ 1890ರ ದಶಕದಲ್ಲೇ ವಿದ್ಯುತ್ ಕುಲುಮೆಯಲ್ಲಿ ಅದನ್ನು ತಯಾರಿಸಿದ್ದರು. ಗಡಸೇನೋ ಗಡಸು, ಆದರೆ ಪೆಟ್ಟು ಬಿದ್ದರೆ ಒಡೆದು ಚೂರಾಗುತ್ತಿತ್ತು. ಶ್ರೋಟರ್ ಅದನ್ನು ಕರಗಿಸಿ ಎರಕ ಹೊಯ್ಯುವ ಗೋಜಿಗೆ ಹೋಗಲಿಲ್ಲ. ಕಾರ್ಬೈಡನ್ನು ನುಣ್ಣಗೆ ಪುಡಿಮಾಡಿ, ಅದಕ್ಕೆ ಒಂದಿಷ್ಟು ಕೋಬಾಲ್ಟ್ ಪುಡಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರು. ಕೋಬಾಲ್ಟ್ ಕರಗಿ ಕಾರ್ಬೈಡ್ ಕಣಗಳ ನಡುವೆ ಹರಿದು, ಆರಿದ ಮೇಲೆ ಅವನ್ನು ಗಟ್ಟಿಯಾಗಿ ಹಿಡಿದಿಟ್ಟಿತು. ಗಡಸುತನ ಕಾರ್ಬೈಡಿನದು, ಪೆಟ್ಟು ತಾಳುವ ಗುಣ ಕೋಬಾಲ್ಟಿನದು. 1923ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಬಿತ್ತು.

ತಂತಿ ಎಳೆಯುವ ಅಚ್ಚಿಗೆ ಒದಗಿದ್ದು ಕಬ್ಬಿಣ ಕಡೆಯುವುದಕ್ಕೂ ಒದಗೀತು ಎಂದು ಊಹಿಸಿದ್ದು ಎಸ್ಸೆನ್ ನಗರದ ಕ್ರುಪ್ ಕಂಪನಿ. ಹಕ್ಕು ಕೊಂಡು, ವಿಡಿಯಾ ಎಂಬ ಹೆಸರಿಟ್ಟು, 1927ರ ಲೈಪ್‌ಜಿಗ್ ಮೇಳದಲ್ಲಿ ಅದನ್ನು ಜನರ ಮುಂದಿಟ್ಟಿತು. ಅಲಗು ತಡೆದುಕೊಳ್ಳುವ ವೇಗವನ್ನು ಅಂದಿನ ಲೇತ್‌ಗಳೇ ತಡೆದುಕೊಳ್ಳಲಾರದೆ ನಡುಗತೊಡಗಿದವು. ಹೊಸ ಅಲಗಿಗೆ ತಕ್ಕಂತೆ ಯಂತ್ರಗಳೇ ದಪ್ಪವಾಗಿ, ಭಾರವಾಗಿ ಬದಲಾಗಬೇಕಾಯಿತು.

ಬೆಲೆಯ ಕಥೆ ಇನ್ನೂ ಸ್ವಾರಸ್ಯದ್ದು. 1928ರಲ್ಲಿ ಕ್ರುಪ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕೈಜೋಡಿಸಿ ಮಾರುಕಟ್ಟೆ ಹಂಚಿಕೊಂಡವು. ಜರ್ಮನಿಯಲ್ಲಿ ಪೌಂಡಿಗೆ ಸುಮಾರು 50 ಡಾಲರಿಗೆ ಸಿಗುತ್ತಿದ್ದ ಸರಕು ಅಮೆರಿಕದಲ್ಲಿ ‘ಕಾರ್ಬೊಲಾಯ್’ ಹೆಸರಿನಲ್ಲಿ 453 ಡಾಲರ್ ಮುಟ್ಟಿತು. ಆಗ ಒಂದು ಔನ್ಸ್ ಚಿನ್ನಕ್ಕೆ 20.67 ಡಾಲರ್, ಆ ಲೆಕ್ಕದಲ್ಲಿ ಒಂದು ಪೌಂಡ್ ಚಿನ್ನದ ಬೆಲೆ ಸುಮಾರು 300 ಡಾಲರ್. ಅಂದರೆ ಲೇತ್ ಮೇಲೆ ಕೂರಿಸುವ ತುಣುಕು ಚಿನ್ನಕ್ಕಿಂತ ಒಂದೂವರೆ ಪಟ್ಟು ತುಟ್ಟಿ! ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಒಳಒಪ್ಪಂದದ ವಿಚಾರಣೆ ನಡೆದು, 1948ರಲ್ಲಿ ಅಮೆರಿಕದ ನ್ಯಾಯಾಲಯ ಜನರಲ್ ಎಲೆಕ್ಟ್ರಿಕ್ ತಪ್ಪಿತಸ್ಥ ಎಂದು ತೀರ್ಪು ಕೊಟ್ಟಿತು.

ಈ ಲೋಹಕ್ಕೆ ಕರ್ನಾಟಕದ ನಂಟೂ ಇದೆ. 1953ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಶುರುವಾಗಿ ಲೇತ್‌ಗಳನ್ನು ತಯಾರಿಸತೊಡಗಿತ್ತು. 1964ರಲ್ಲಿ ವಿಡಿಯಾ ಇಂಡಿಯಾ ಕಂಪನಿ ಅದೇ ನಗರದಲ್ಲಿ ಹುಟ್ಟಿ, ತುಮಕೂರು ರಸ್ತೆಯಲ್ಲಿ ನೆಲೆಯೂರಿತು. ಅದೀಗ ಕೆನ್ನಮೆಟಲ್ ಇಂಡಿಯಾ. ಒಡೆತನ ಕೈಬದಲಾದರೂ ವರ್ಕ್‌ಶಾಪ್‌ಗಳ ಬಾಯಲ್ಲಿ ಹಳೆಯ ಹೆಸರು ಅಳಿದಿಲ್ಲ. ಕಾರ್ಬೈಡ್ ತುದಿಯ ಡ್ರಿಲ್ ಬಿಟ್ ಕೇಳಲು ಹೋದವರು ಈಗಲೂ ‘ವಿಡಿಯಾ ಬಿಟ್’ ಎನ್ನುವುದುಂಟು.

ಕಬ್ಬಿಣದ ಲೋಕ ಇಷ್ಟು ಬೇಗ ಒಪ್ಪಿಕೊಂಡ ಅಲಗನ್ನು ಮರ ಕಡೆಯುವವರು ಮಾತ್ರ ದಶಕಗಳ ಕಾಲ ದೂರವೇ ಇಟ್ಟರು. ಅದಕ್ಕೆ ಕಾರಣ ಮರದ ಸ್ವಭಾವದಲ್ಲಿದೆ. ಮರ ನಾರುನಾರಾಗಿರುವ ಪದಾರ್ಥ. ಅದನ್ನು ನಯವಾಗಿ ಕತ್ತರಿಸಲು ತೆಳುವಾದ, ಚೂಪಾದ ಬಾಯಿ ಬೇಕು. ಹಳೆಯ ಕಾರ್ಬೈಡನ್ನು ಅಷ್ಟು ತೆಳ್ಳಗೆ ಮಸೆಯಲು ಹೋದರೆ ಅಂಚು ಉದುರುತ್ತಿತ್ತು. ಮೇಲಾಗಿ ಅಂಗಡಿಯ ಮಾಮೂಲಿ ಸಾಣೆಕಲ್ಲಿಗೆ ಅದು ಬಗ್ಗುವುದೇ ಇಲ್ಲ. ವಜ್ರದ ಪುಡಿ ಕೂರಿಸಿದ ಚಕ್ರ ಅಥವಾ ಸಿಲಿಕಾನ್ ಕಾರ್ಬೈಡಿನ ಹಸಿರು ಕಲ್ಲು ಬೇಕು. ವಜ್ರದ ಖರ್ಚು ತಪ್ಪಿಸಲು ಹುಟ್ಟಿದ ವಸ್ತುವನ್ನು ಹರಿತ ಮಾಡಲು ಹಲವು ಸಲ ಮತ್ತೆ ವಜ್ರವೇ ಬೇಕಾಯಿತು.

ಮರ ಕಡೆಯುವವನಿಗೆ ಸಾಣೆ ಎಂದರೆ ಕಸುಬಿನ ಅರ್ಧ. ಇಂಗ್ಲೆಂಡಿನ ಬಕಲ್‌ಬರಿಯಲ್ಲಿ ಜಾರ್ಜ್ ಲೇಲಿ ಎಂಬ ಕುಶಲಿಗ 1958ರಲ್ಲಿ ತೀರಿಕೊಳ್ಳುವವರೆಗೂ ಕಾಲಿನಿಂದ ತುಳಿಯುವ ಕಂಬದ ಲೇತ್ ಮೇಲೆ ಎಲ್ಮ್ ಮರದ ಬಟ್ಟಲು ಕಡೆದವರು. ಒಂದೇ ಮರದ ಕೊರಡಿನಿಂದ ಒಂದರೊಳಗೊಂದು ಕೂರುವ ಬಟ್ಟಲುಗಳನ್ನು ಬಿಡಿಸಿ ತೆಗೆಯುವುದು ಅವರ ಕೈಚಳಕ. ಅದಕ್ಕೆ ಬೇಕಾದದ್ದು ಕೊಕ್ಕೆಯಾಕಾರದ ಉಳಿಗಳು. ಯಾವ ಬಾಗಿಗೆ ಎಂಥ ಅಲಗು, ಎಷ್ಟು ಹರಿತ ಎಂಬ ತೀರ್ಮಾನವೆಲ್ಲ ಅವರದೇ. ಅವರ ಲೇತ್ ಈಗ ರೆಡಿಂಗ್ ನಗರದ ಗ್ರಾಮೀಣ ಬದುಕಿನ ವಸ್ತುಸಂಗ್ರಹಾಲಯದಲ್ಲಿದೆ.

ಉಳಿಯ ಉಕ್ಕು ಬದಲಾದದ್ದೂ ನಿಧಾನವಾಗಿಯೇ. ಸಾದಾ ಇಂಗಾಲದ ಉಕ್ಕಿಗೆ ಚೂಪು ಬೇಗ ಬರುತ್ತದೆ. ಆದರೆ ಸಾಣೆಯ ಮೇಲೆ ಸ್ವಲ್ಪ ಹೆಚ್ಚು ಒತ್ತಿದರೂ ತುದಿ ನೀಲಿ ತಿರುಗಿ ಹದ ಕೆಡುತ್ತದೆ. ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ ಅಮೆರಿಕದ ಬೆತ್ಲೆಹೆಮ್‌ನಲ್ಲಿ ರೂಪಿಸಿದ ಹೈಸ್ಪೀಡ್ ಉಕ್ಕು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕೆಂಪಗೆ ಕಾದ ತುದಿಯಿಂದಲೇ ಕಬ್ಬಿಣ ಕಡೆದು ನೋಡುಗರನ್ನು ಬೆರಗುಗೊಳಿಸಿತು. ಶೆಫೀಲ್ಡಿನ ಉಳಿ ತಯಾರಕರು ಅದೇ ಉಕ್ಕನ್ನು ಮರ ಕಡೆಯುವ ಉಳಿಗಳಿಗೆ ಸಾಮಾನ್ಯವಾಗಿ ಬಳಸತೊಡಗುವ ಹೊತ್ತಿಗೆ 1980ರ ದಶಕ ಬಂದಿತ್ತು.

ಕಾರ್ಬೈಡ್ ಮರದ ಲೋಕಕ್ಕೆ ನುಗ್ಗಿದ್ದು ದೊಡ್ಡ ಕಾರ್ಖಾನೆಗಳ ಬಾಗಿಲಿನಿಂದ. ಪ್ಲೈವುಡ್, ಪಾರ್ಟಿಕಲ್ ಬೋರ್ಡುಗಳಲ್ಲಿರುವ ಅಂಟು ಉಕ್ಕಿನ ಗರಗಸವನ್ನು ಬೇಗನೆ ಮೊಂಡು ಮಾಡುತ್ತಿತ್ತು. ಹೀಗಾಗಿ ಹಲ್ಲುಹಲ್ಲಿಗೂ ಕಾರ್ಬೈಡ್ ಬೆಸೆದ ವೃತ್ತಾಕಾರದ ಗರಗಸ ಬಂತು. ಆಮೇಲೆ ಹಲಗೆ ತೋಪಡಿಸುವ ಯಂತ್ರಗಳ ಉರುಳೆಗೆ ಉದ್ದನೆಯ ಬ್ಲೇಡಿನ ಬದಲು ಸುರುಳಿ ಸಾಲಿನಲ್ಲಿ ಚೌಕ ಬಿಲ್ಲೆಗಳನ್ನು ಕೂರಿಸುವ ಪದ್ಧತಿ ಬಂತು. ಒಂದೊಂದು ಬಿಲ್ಲೆಗೂ ನಾಲ್ಕು ಅಂಚು. ಒಂದು ಮೊಂಡಾದರೆ ಸ್ಕ್ರೂ ಸಡಿಲಿಸಿ ತಿರುಗಿಸಿದರಾಯಿತು. ಈ ವೇಳೆಗೆ ಒಂದು ಮೈಕ್ರಾನಿಗಿಂತ ಸಣ್ಣ ಕಣಗಳ ಕಾರ್ಬೈಡ್ ಕೂಡ ಸಿಗುತ್ತಿತ್ತು. ಹಳೆಯದಕ್ಕಿಂತ ಚೂಪಾದ ಅಂಚನ್ನು ಅದು ತಾಳುತ್ತಿತ್ತು.

ಇದೇ ಬಿಲ್ಲೆಯನ್ನು ಸರಳಿನ ತುದಿಗೆ ಬಿಗಿದು ನೋಡಿದವರು ಹವ್ಯಾಸಿಗಳು. ಹಂಟರ್ ಟೂಲ್ಸ್ ಎಂಬ ಕಂಪನಿ, ನಡುವೆ ತಗ್ಗಿರುವ ದುಂಡು ಬಿಲ್ಲೆಯ ಉಳಿಗಳನ್ನು ಮಾರಿತು. 2000ದ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಕೆಂಟಕಿಯ ಈಸಿ ವುಡ್ ಟೂಲ್ಸ್ ಹರಿತ ಮಾಡುವ ತಾಪತ್ರಯವೇ ಇಲ್ಲದ ಉಳಿ ಎಂದು ಚೌಕ, ದುಂಡು, ವಜ್ರಾಕಾರದ ಬಿಲ್ಲೆಗಳ ಸರಣಿಯನ್ನೇ ತಂದಿತು. ಬೆಲೆ ಕಂಡು ಹಿಂಜರಿದವರು ಮನೆಯಲ್ಲೇ ಮಾಡಿಕೊಂಡರು.

ಮಾಡುವ ವಿಧಾನ ಕಷ್ಟದ್ದಲ್ಲ. 12 ಮಿ.ಮೀ. ದಪ್ಪದ ಚೌಕ ಉಕ್ಕಿನ ಸರಳು ತೆಗೆದುಕೊಂಡು, ತುದಿಯಲ್ಲಿ ಬಿಲ್ಲೆಯ ದಪ್ಪಕ್ಕೆ ಸರಿಯಾಗಿ, ಅಂದರೆ 2 ಅಥವಾ 2.5 ಮಿ.ಮೀ. ಆಳಕ್ಕೆ, ಅರದಿಂದ ಉಜ್ಜಿ ಮೆಟ್ಟಿಲು ತೆಗೆಯಬೇಕು. ಅಲ್ಲಿ 3.3 ಮಿ.ಮೀ. ತೂತು ಕೊರೆದು ಎಂ4 ಟ್ಯಾಪ್ ಹಾಕಬೇಕು. ತೂತು ಮೆಟ್ಟಿಲಿನ ಕಡೆಗೆ ಕೂದಲೆಳೆಯಷ್ಟು ಸರಿದಿದ್ದರೆ ಒಳ್ಳೆಯದು. ಸ್ಕ್ರೂ ಬಿಗಿದಂತೆ ಬಿಲ್ಲೆ ಹಿಂದಕ್ಕೆ ಒತ್ತಿ ಕೂರುತ್ತದೆ. ತಳ ಸಮತಟ್ಟಾಗಿರದಿದ್ದರೆ ಸ್ಕ್ರೂ ಬಿಗಿಯುವಾಗಲೇ ಬಿಲ್ಲೆ ಬಿರುಕು ಬಿಡುವುದುಂಟು. ಬಿಲ್ಲೆಯ ಅಂಚು ಸರಳಿಗಿಂತ ತುಸು ಹೊರಗೆ ಚಾಚಿರಬೇಕು, ಸರಳಿನ ಮೂಲೆಗಳನ್ನು ಕೆಳಮುಖವಾಗಿ ಇಳಿಜಾರು ಮಾಡಿರಬೇಕು. ಇಲ್ಲವಾದರೆ ಕಬ್ಬಿಣವೇ ಮರಕ್ಕೆ ತಾಗುತ್ತದೆ. ಕೊನೆಗೆ ಗಟ್ಟಿ ಮರದ ಹಿಡಿ, ಅದು ಸೀಳದಂತೆ ಬಾಯಿಗೆ ಹಿತ್ತಾಳೆ ಬಳೆ, ಒಳಗೆ ಎಪಾಕ್ಸಿ.

ಬಳಸುವ ರೀತಿಯೂ ಬೇರೆ. ಉಕ್ಕಿನ ಉಳಿಯನ್ನು ಹಿಡಿಯುವವನು ಹಿಡಿ ತಗ್ಗಿಸಿ, ಅಲಗಿನ ಇಳಿಜಾರನ್ನು ತಿರುಗುವ ಮರಕ್ಕೆ ಆನಿಸಿ, ಮೆಲ್ಲಗೆ ಬಾಯಿ ಕೊಡುತ್ತಾನೆ. ಆಗ ಮರ ಸುರುಳಿಸುರುಳಿಯಾಗಿ ಎದ್ದು ಬರುತ್ತದೆ. ಚಪ್ಪಟೆ ಬಿಲ್ಲೆಯ ಉಳಿಯನ್ನು ನೆಲಕ್ಕೆ ಸಮನಾಗಿ, ಮರದ ನಡುಮಟ್ಟಕ್ಕೆ ಹಿಡಿದು ನೇರ ಒಳಕ್ಕೆ ತಳ್ಳಿದರೆ ಸಾಕು. ಕಲಿಯುವವನು ಮೊದಲ ದಿನವೇ ಬಟ್ಟಲಿನ ಆಕಾರ ತೆಗೆಯಬಲ್ಲ. ಆದರೆ ಅದು ಬಹುಮಟ್ಟಿಗೆ ಹೆರೆಯುವ ಕೆಲಸ. ಮೆದು ಮರದಲ್ಲಿ, ಅದರಲ್ಲೂ ಬಟ್ಟಲಿನ ಅಡ್ಡನಾರಿನ ಜಾಗದಲ್ಲಿ, ಎಳೆಗಳು ಕಿತ್ತು ಬರುತ್ತವೆ. ಆಮೇಲೆ ಮರಳು ಕಾಗದದಿಂದ ತಿಕ್ಕಿ ಬೆವರಬೇಕು. ಒಣಗಿದ ಗಟ್ಟಿ ಮರ, ಪೆನ್ನಿಗೆ ಬಳಸುವ ಅಕ್ರಿಲಿಕ್ ಕಡ್ಡಿ ಇಂಥವುಗಳಲ್ಲಿ ಕಾರ್ಬೈಡಿನ ತಾಳಿಕೆ ಎದ್ದು ಕಾಣುತ್ತದೆ.

ಬೆಂಗಳೂರಿನಿಂದ 60 ಕಿ.ಮೀ. ದೂರದ ಚನ್ನಪಟ್ಟಣದ ಗೊಂಬೆ ಕೆಲಸ ನೋಡಿದರೆ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. ಅಲ್ಲಿನ ಹಾಲೆ ಮರ ಮೆದು, ನಯ. ಕಡೆದ ಮರ ಲೇತ್ ಮೇಲೆ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮೈಗೆ ಹತ್ತುತ್ತದೆ, ತಾಳೆಗರಿ ಒತ್ತಿದೊಡನೆ ಮಿರುಗುತ್ತದೆ. ಮೈಮೇಲೆ ಎಳೆ ಎದ್ದಿದ್ದರೆ ಅರಗು ಅದನ್ನು ಮುಚ್ಚುವುದಿಲ್ಲ, ಇನ್ನಷ್ಟು ಎತ್ತಿ ತೋರಿಸುತ್ತದೆ. ಇಂಥ ಕೆಲಸಕ್ಕೆ ಹದವಾಗಿ ಮಸೆದ ಉಕ್ಕಿನ ಉಳಿಯೇ ಸರಿ. ಬಟ್ಟಲು ಕಡೆಯುವ ಹವ್ಯಾಸಿಗಳಲ್ಲೂ ಅನೇಕರು ಒರಟು ಆಕಾರಕ್ಕೆ ಕಾರ್ಬೈಡ್ ಹಿಡಿದು, ಕೊನೆಯ ಕೈಗೆ ಉಕ್ಕಿನತ್ತ ಹೊರಳುತ್ತಾರೆ.

ನಾಲ್ಕೂ ಅಂಚು ಸವೆದ ಬಿಲ್ಲೆ ಕಸಕ್ಕೆ ಹೋಗುವುದಿಲ್ಲ. ಗುಜರಿಯಲ್ಲಿ ಅದಕ್ಕೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಬೆಲೆ. ಕಾರ್ಖಾನೆಯಲ್ಲಿ ಅದನ್ನು ಕರಗಿದ ಸತುವಿನಲ್ಲಿ ಮುಳುಗಿಸುತ್ತಾರೆ. ಸತು ಕೋಬಾಲ್ಟಿನೊಂದಿಗೆ ಬೆರೆತು ಹಿಡಿತ ಬಿಡಿಸುತ್ತದೆ. ಆಮೇಲೆ ಸತುವನ್ನು ಆವಿಯಾಗಿಸಿ ತೆಗೆದರೆ ಕಾರ್ಬೈಡ್ ಮತ್ತು ಕೋಬಾಲ್ಟಿನ ಪುಡಿ ಉಳಿಯುತ್ತದೆ. ಅದನ್ನು ಅಚ್ಚಿನಲ್ಲಿ ಒತ್ತಿ ಮತ್ತೆ ಕುಲುಮೆಗೆ ಹಾಕುತ್ತಾರೆ.