ತುಟಿಯ ಊತ ಮತ್ತು ಕ್ರೋನ್ಸ್ ಕಾಯಿಲೆ: ‘ಪ್ರತ್ಯೇಕ ರೋಗ’ವೆಂಬ ವಾದದ ಮರುಪರಿಶೀಲನೆ

ಅಲರ್ಜಿಯಿಂದಲೋ ಎನಲಾಪ್ರಿಲ್‌ನಂಥ ಬಿ.ಪಿ. ಮಾತ್ರೆಯಿಂದಲೋ ಊದಿದ ತುಟಿ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಇಲ್ಲಿ ಚರ್ಚಿಸುವ ಊತ ಬೇರೆ ಬಗೆಯದು. ಮೊದಮೊದಲು ಬಂದು ಹೋಗುತ್ತ, ಕಡೆಗೆ ನಿಂತೇಬಿಡುತ್ತದೆ. ತುಟಿ ಮುಟ್ಟಿದರೆ ರಬ್ಬರಿನಂತೆ ಗಟ್ಟಿ. ನೋವು ಕಡಿಮೆ, ಎಷ್ಟೋ ವೇಳೆ ನಡುವೆ ಸೀಳು. ಮೀಷರ್ 1945ರಲ್ಲಿ ವರ್ಣಿಸಿದ ಈ ಸ್ಥಿತಿಯನ್ನು ವೀಸನ್‌ಫೆಲ್ಡ್ ಮತ್ತು ಸಂಗಡಿಗರು 1985ರಲ್ಲಿ ‘ಓರೋಫೇಷಿಯಲ್ ಗ್ರ್ಯಾನುಲೊಮಟೋಸಿಸ್’ ಎಂಬ ಹೆಸರಿನಡಿ ತಂದರು. ಇಂಥ ತುಟಿಯಲ್ಲಿ ಕಾಣುವ ಗ್ರ್ಯಾನುಲೋಮ (ಉರಿಯೂತದ ಕೋಶಗಳ ಪುಟ್ಟ ಗಂಟು), ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಯಲ್ಲಿ ಕರುಳಿನಲ್ಲೂ ಕಾಣುತ್ತದೆ. ಎರಡಕ್ಕೂ ನಂಟಿದೆ ಎಂಬುದರಲ್ಲಿ ತಕರಾರಿಲ್ಲ. ತಕರಾರು ನಂಟಿನ ಸ್ವರೂಪದ್ದು.

ಇವೆರಡೂ ಬೇರೆ ಬೇರೆ ರೋಗಗಳಿರಬಹುದು ಎಂದು ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು 2011ರಲ್ಲಿ ವಾದಿಸಿದರು. ಕರುಳಿನ ಕಾಯಿಲೆಯೂ ಇದ್ದವರಲ್ಲಿ ಬಾಯಿಹುಣ್ಣು, ಕೆನ್ನೆ–ಒಸಡಿನ ಸಂದಿನ ಗಾಯ ಹೆಚ್ಚು ಎಂಬುದು ಅವರ ಮುಖ್ಯ ಆಧಾರ. ಆದರೆ ‘ತುಟಿಗಷ್ಟೇ ಸೀಮಿತ’ ಎನ್ನುವ ಮುನ್ನ ಕರುಳನ್ನು ನೋಡಿರಬೇಕಲ್ಲ? ಸ್ಯಾಂಡರ್‌ಸನ್ ಮತ್ತಿತರರು 2005ರಲ್ಲಿ ಕರುಳಿನ ತೊಂದರೆಯೇ ಹೇಳದ 35 ರೋಗಿಗಳನ್ನು ಪರೀಕ್ಷಿಸಿದಾಗ 19 ಮಂದಿಯ ಕರುಳಿನಲ್ಲಿ ವೈಪರೀತ್ಯ ಕಂಡಿತ್ತು. 30 ವರ್ಷಕ್ಕೆ ಮೊದಲೇ ಊತ ಶುರುವಾದವರಲ್ಲಿ ಇದು ಹೆಚ್ಚು. (ಎರಡೂ ಪ್ರಬಂಧಗಳು ಲಂಡನ್ನಿನ ಒಂದೇ ಬಳಗದವು ಎಂಬುದು ಸ್ವಾರಸ್ಯ.) ಹೊಟ್ಟೆನೋವು, ಭೇದಿ ಇಲ್ಲವೆಂಬ ಕಾರಣಕ್ಕೆ ಒಬ್ಬರನ್ನು ‘ತುಟಿಯ ರೋಗಿ’ಗಳ ಗುಂಪಿಗೆ ಸೇರಿಸಿದರೆ, ಗುಂಪುಗಳ ನಡುವಿನ ವ್ಯತ್ಯಾಸವೇ ಸಂಶಯಾಸ್ಪದವಾಗುತ್ತದೆ. ದಾಲ್ಚಿನ್ನಿ, ಬೆಂಜೋಯೇಟ್ (ಆಹಾರ ಸಂರಕ್ಷಕ) ಬಿಟ್ಟ ಆಹಾರದಿಂದ ಹಲವರ ಊತ ಇಳಿಯುವುದೂ ಪ್ರತ್ಯೇಕತೆಗೆ ಪುರಾವೆಯಾಗದು. ಮಕ್ಕಳ ಕ್ರೋನ್ಸ್ ಕೂಡ ಪೂರ್ಣ ದ್ರವಾಹಾರಕ್ಕೆ ಮಣಿಯುತ್ತದೆ.

ಹಾಗಾಗಿ, ಎಳೆಯ ವಯಸ್ಸಿನಲ್ಲಿ ನಿಂತುಬಿಟ್ಟ ತುಟಿಯ ಊತವನ್ನು, ಬೇರೆ ಕಾರಣ ಸಿಗದಿದ್ದರೆ, ಕ್ರೋನ್ಸ್‌ನ ಮುನ್ಸೂಚನೆಯೆಂದೇ ಹಿಡಿದು ಹೊರಡುವುದು ಸರಿಯೆನಿಸುತ್ತದೆ. 173 ಮಕ್ಕಳ ಪ್ರಕರಣಗಳನ್ನು ಒಟ್ಟುಗೂಡಿಸಿದ 2014ರ ಸಮೀಕ್ಷೆಯಲ್ಲಿ ಸುಮಾರು 40%ರಷ್ಟು ಮಂದಿಗೆ ಕ್ರೋನ್ಸ್ ಇತ್ತು. ಈ ಮಾತಿಗೆ ಮಿತಿಗಳಿವೆ: ಪ್ರಕಟವಾಗುವುದು ಬಹುಪಾಲು ತೀವ್ರ ಪ್ರಕರಣಗಳೇ, ಕರುಳಿನ ಸಣ್ಣ ಉರಿಯೂತವೆಲ್ಲ ಕ್ರೋನ್ಸ್ ಅಲ್ಲ, ನಡುವಯಸ್ಸು ದಾಟಿದವರಿಗೆ ಈ ವಾದ ಎಷ್ಟು ಅನ್ವಯವೋ ಹೇಳಲಾಗದು. ಎಲ್ಲರಿಗೂ ಕೊಲೊನೋಸ್ಕೋಪಿ ಬೇಕೆಂದೂ ಇದರರ್ಥವಲ್ಲ. ಮಕ್ಕಳಲ್ಲಿ ತೂಕ, ಬೆಳವಣಿಗೆ, ಹಿಮೋಗ್ಲೋಬಿನ್, ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತದ ಸೂಚಕ) ನೋಡಿ ಮುಂದುವರಿಯಬಹುದು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಕ್ರೋನ್ಸ್‌ನಂತೆ ಕರುಳಿನ ಕ್ಷಯವೂ ಹೆಚ್ಚಾಗಿ ಸಣ್ಣ ಕರುಳಿನ ಕೊನೆಯ ಭಾಗವನ್ನೇ ಹಿಡಿದು ಗ್ರ್ಯಾನುಲೋಮ ಉಂಟುಮಾಡುತ್ತದೆ, ಬಯಾಪ್ಸಿಯಲ್ಲಿ ಅದರ ಗುರುತು ಪ್ರತಿ ಸಲವೂ ಸಿಗದು. ಕ್ರೋನ್ಸ್ ಎಂದೇ ಭಾವಿಸಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕೊಟ್ಟರೆ ಕ್ಷಯ ಉಲ್ಬಣಿಸೀತು. ಅಂಥ ಸಂದಿಗ್ಧದಲ್ಲಿ ಊದಿದ ತುಟಿಯ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ಕ್ರೋನ್ಸ್ ಪರವಾಗಿ ಎಣಿಸಬಹುದು ಎಂಬ ಪ್ರಶ್ನೆಗೆ ಪಾಶ್ಚಾತ್ಯ ಅಂಕಿಅಂಶಗಳಿಂದ ಉತ್ತರ ಸಿಗದು.