ಚಿತ್ರದ ಕೆಳಗಿನ ಹೆಸರು

ಕೆಆರ್‌ಎಸ್ ತುಂಬಿ ಗೇಟು ತೆಗೆದ ದಿನ ನಮ್ಮ ಕಡೆಯ ಗ್ರೂಪುಗಳಲ್ಲಿ ಒಂದೇ ಫೋಟೊ ಹತ್ತಾರು ಸಲ ಬರುತ್ತದೆ. ತೆಗೆದವರ ಹೆಸರು ಮಾತ್ರ ಇರುವುದಿಲ್ಲ. ಕೇಳಿದರೆ, ‘ನೆಟ್ಟಲ್ಲಿ ಸಿಕ್ಕಿತು, ಹಾಕಿದೆ’ ಎನ್ನುತ್ತಾರೆ. ಚಿತ್ರಕ್ಕೂ ಒಬ್ಬ ಒಡೆಯ ಇರುತ್ತಾನೆ ಎಂಬ ವಿಚಾರ ಮೊಬೈಲ್ ಜೊತೆ ಬಂದದ್ದಲ್ಲ. ಆ ಹಳೆಯ ಕತೆಯಲ್ಲಿ ನಮ್ಮ ಶ್ರೀರಂಗಪಟ್ಟಣವೂ ಇದೆ.

1791ರಲ್ಲಿ ಕಾರ್ನ್‌ವಾಲಿಸ್ ಟಿಪ್ಪು ಸುಲ್ತಾನರ ಮೇಲೆ ದಂಡೆತ್ತಿ ಬಂದಾಗ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಸೈನ್ಯದ ಜೊತೆಗಿದ್ದ. ಮೈಸೂರು ಸೀಮೆಯ ಕೋಟೆ, ಬೆಟ್ಟ, ಊರುಗಳನ್ನು ಕಣ್ಣಾರೆ ಕಂಡು ಬರೆದುಕೊಂಡ. 1794ರಲ್ಲಿ ಅವು ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು.

ಆಗ ಕ್ಯಾಮೆರಾ ಇರಲಿಲ್ಲ. ಚಿತ್ರವನ್ನು ತಾಮ್ರದ ತಗಡಿನ ಮೇಲೆ ಕೊರೆದು, ಮಸಿ ಹಚ್ಚಿ ಅಚ್ಚು ಹಾಕುತ್ತಿದ್ದರು. ಒಬ್ಬರ ಅಚ್ಚು ನೋಡಿಕೊಂಡು ಇನ್ನೊಬ್ಬರು ಅದನ್ನೇ ಕೊರೆದು ಅಗ್ಗಕ್ಕೆ ಮಾರುವುದೂ ಇತ್ತು. ಇದರಿಂದ ನಷ್ಟ ಅನುಭವಿಸಿದ ವಿಲಿಯಂ ಹೋಗಾರ್ತ್ ಮತ್ತಿತರ ಕಲಾವಿದರು ಬ್ರಿಟನ್ನಿನ ಸಂಸತ್ತಿಗೆ ಮೊರೆಯಿಟ್ಟರು. 1735ರಲ್ಲಿ ಕಾನೂನು ಬಂತು. ಪ್ರತಿ ಅಚ್ಚಿನ ಮೇಲೂ ಒಡೆಯನ ಹೆಸರು, ಪ್ರಕಟವಾದ ತಾರೀಕು ಇರಬೇಕು; ಹಾಗಿದ್ದರೆ 14 ವರ್ಷ ಬೇರೆಯವರು ನಕಲು ಮಾಡುವಂತಿಲ್ಲ. ಮುಂದೆ ಅದು 28 ವರ್ಷವಾಯಿತು. ಆ ಕಾಲದ ಅಚ್ಚುಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಹೆಸರು, ತಾರೀಕು ಕಾಣುವುದು ಇದಕ್ಕೇ.

ಫಲ ನೋಡಿ. 230 ವರ್ಷ ಕಳೆದರೂ ಹೋಮ್ ಯಾರೆಂದು ಹೇಳಬಹುದು. ಅದೇ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಪೊಲ್ಲಿಲೂರು ಯುದ್ಧವನ್ನು ಅಷ್ಟು ದೊಡ್ಡದಾಗಿ ಬರೆದ ಕಲಾವಿದರ ಹೆಸರು ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ. ದಂಡಿನ ಜೊತೆ ಬಂದವನ ಹೆಸರು ಉಳಿಯಿತು, ಇಲ್ಲಿ ಕುಂಚ ಹಿಡಿದವರದು ಅಳಿಯಿತು.

ಸ್ವತಂತ್ರ ಭಾರತದ ಕಾಪಿರೈಟ್ ಕಾಯ್ದೆ 1957ರದು. ಅದರ ಪ್ರಕಾರ ಫೋಟೊ ಕೂಡ ಕಲಾಕೃತಿಯೇ. ತೆಗೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ಎಲ್ಲೂ ನೋಂದಾಯಿಸಬೇಕಿಲ್ಲ. ಮೊದಲು ಪ್ರಕಟವಾದ ಮೇಲೆ 50 ವರ್ಷ, 1992ರ ನಂತರ 60 ವರ್ಷ ಆ ಹಕ್ಕು ಇರುತ್ತಿತ್ತು. 2012ರ ತಿದ್ದುಪಡಿಯಿಂದ ಅದು ತೆಗೆದವರ ಜೀವಮಾನ ಮತ್ತು ಅವರ ನಂತರದ 60 ವರ್ಷಕ್ಕೆ ಏರಿತು.

ನಮ್ಮ ತಾಲ್ಲೂಕುಗಳಲ್ಲೇ ಉದಾಹರಣೆ ಇದೆ. ಕೆ.ಆರ್.ಪೇಟೆ ತಾಲ್ಲೂಕಿನ ಹೊಸಹೊಳಲು ದೇವಸ್ಥಾನ, ನಾಗಮಂಗಲದ ಸೌಮ್ಯಕೇಶವ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಕಲ್ಯಾಣಿ ನೂರಾರು ವರ್ಷ ಹಳೆಯವು. ಅವುಗಳ ಮೇಲೆ ಯಾರ ಕಾಪಿರೈಟೂ ಇಲ್ಲ. ಆದರೆ ಬೆಳಗಿನ ಜಾವ ಎದ್ದು ಹೋಗಿ ಒಬ್ಬರು ತೆಗೆದ ಕಲ್ಯಾಣಿಯ ಫೋಟೊ ಅವರದು. ದುಡ್ಡು ಕೊಟ್ಟು ತೆಗೆಸಿದ ಮದುವೆ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ಹೋಮ್ ಚಿತ್ರಗಳ ಅವಧಿ ಎಂದೋ ಮುಗಿದಿದೆ, ಅವನ್ನು ಯಾರು ಬೇಕಾದರೂ ಬಳಸಬಹುದು.

ಸುದ್ದಿ ವರದಿಗೆ ನ್ಯಾಯವಾಗಿ ಬಳಸಲು ಕಾನೂನಿನಲ್ಲಿ ಸ್ವಲ್ಪ ಅವಕಾಶ ಇದೆ. ಹಾಗೆಂದು ಬೇರೆಯವರ ಫೋಟೊ ಎತ್ತಿ ನಮ್ಮದು ಎನ್ನುವಂತಿಲ್ಲ. ಗೊತ್ತಿದ್ದೂ ಹಕ್ಕು ಮುರಿದರೆ 6 ತಿಂಗಳಿಂದ 3 ವರ್ಷ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಬೀಳಬಹುದು. ಇನ್ನೊಂದು ಮಾತು: ಹಕ್ಕನ್ನು ಮಾರಿದ ಮೇಲೂ ‘ಇದು ನಾನು ತೆಗೆದದ್ದು’ ಎಂದು ಹೇಳಿಕೊಳ್ಳುವ ಅಧಿಕಾರ ತೆಗೆದವರ ಬಳಿಯೇ ಉಳಿಯುತ್ತದೆ.

ದಂಡದ ಭಯಕ್ಕಿಂತ ದೊಡ್ಡ ಕಾರಣ ದರಿಯಾ ದೌಲತ್ ಗೋಡೆಯ ಮೇಲಿದೆ. ಇವತ್ತು ನಮ್ಮ ಹಬ್ಬ, ಜಾತ್ರೆ, ಬರ, ನೆರೆಯನ್ನು ಸೆರೆಹಿಡಿಯುತ್ತಿರುವವರು ನಮ್ಮ ಊರಿನ ಹುಡುಗ ಹುಡುಗಿಯರೇ. ಅವರಿಗೆ ಒಂದು ಫೋನ್ ಮಾಡಿ ಕೇಳೋಣ. ಒಪ್ಪಿದರೆ ಹಾಕೋಣ, ಚಿತ್ರದ ಕೆಳಗೆ ಅವರ ಹೆಸರು ಬರೆಯೋಣ. ಇಷ್ಟು ಮಾಡಿದರೆ ಮುಂದಿನವರು ಇವರನ್ನಾದರೂ ಹೆಸರು ಹಿಡಿದು ನೆನೆಯುತ್ತಾರೆ.