ಬೆನ್ನಿಗೆ ತುಂಬಿದ ಸಿಮೆಂಟು, ಹೃದಯಕ್ಕೆ ಹೋದ ಹಾದಿ

ಚಂದ್ರಾ ಲೇಔಟಿನ ಯಾವುದಾದರೊಂದು ಅಡ್ಡರಸ್ತೆಯಲ್ಲಿ ಮನೆಗೆ ತಾರಸಿ ಹಾಕುವುದನ್ನು ನೀವು ನಿಂತು ನೋಡಿರಬಹುದು. ಕಲಸಿದ್ದು ತೀರ ನೀರಾದರೆ ಹಲಗೆಯ ಸಂದಿನಿಂದ ಸೋರಿಹೋಗುತ್ತದೆ. ಹದ ಬಲ್ಲ ಮೇಸ್ತ್ರಿ ಅದಕ್ಕೆ ಎಡೆಗೊಡುವುದಿಲ್ಲ. ಮನುಷ್ಯನ ಬೆನ್ನೆಲುಬಿಗೂ ಸಿಮೆಂಟು ತುಂಬುವ ಚಿಕಿತ್ಸೆಯೊಂದುಂಟು. ಅಲ್ಲಿಯೂ ಭಯವೆಲ್ಲ ಸೋರಿಕೆಯದೇ.

ಈ ಸಿಮೆಂಟು ಮನೆ ಕಟ್ಟುವ ಸಿಮೆಂಟಲ್ಲ. ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್ಕು. ಪುಡಿಯನ್ನೂ ದ್ರವವನ್ನೂ ಕಲಸಿದರೆ ಕೆಲವೇ ನಿಮಿಷಗಳಲ್ಲಿ ಬಿಸಿಯೇರಿ ಕಲ್ಲಿನಂತಾಗುತ್ತದೆ. ಹಲ್ಲಿನ ವೈದ್ಯರು ಬಳಸುತ್ತಿದ್ದ ಈ ವಸ್ತುವಿನಿಂದ 1958ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಕೃತಕ ಸೊಂಟದ ಕೀಲನ್ನು ಭದ್ರಪಡಿಸಿದರು. 1984ರಲ್ಲಿ ಫ್ರಾನ್ಸಿನ ಆಮಿಯಾನಿನಲ್ಲಿ ಗಾಲಿಬೇರ್, ದೆರಾಮಾನ್ ಎಂಬ ವೈದ್ಯರು ರಕ್ತನಾಳಗಳ ಗಂಟಿನಿಂದ ಕೆಟ್ಟಿದ್ದ ಕತ್ತಿನ ಮಣಿಯೊಂದಕ್ಕೆ ಸೂಜಿಯ ಮೂಲಕ ಅದನ್ನು ತುಂಬಿದರು, ನೋವು ಇಳಿಯಿತು. ಬರಬರುತ್ತ ಮುಪ್ಪಿನಲ್ಲಿ ಸವೆದು ಕುಸಿದ ಮಣಿಗಳಿಗೂ ಇದೇ ಚಿಕಿತ್ಸೆ ಬಂದಿತು.

ಸೋರಿದರೆ ಅದು ಹೋಗುವುದೆಲ್ಲಿಗೆ? ಉತ್ತರ ಮೊದಲೇ ಸಿದ್ಧವಾಗಿತ್ತು. ಬೆನ್ನೆಲುಬಿನ ಸುತ್ತಣ ಅಭಿಧಮನಿಗಳ ಜಾಲವನ್ನು ಅಮೆರಿಕದ ಬ್ಯಾಟ್ಸನ್ 1940ರಲ್ಲಿಯೇ ವಿವರಿಸಿದ್ದರು. ಆ ನಾಳಗಳಲ್ಲಿ ಕವಾಟಗಳಿಲ್ಲ. ಅಲ್ಲಿ ಹೊಕ್ಕ ಸಿಮೆಂಟು ದೊಡ್ಡ ಅಭಿಧಮನಿಯನ್ನು ಸೇರಿ, ಹೃದಯದ ಬಲಭಾಗಕ್ಕೂ ಮುಂದೆ ಶ್ವಾಸಕೋಶಕ್ಕೂ ತಲಪಬಲ್ಲದು. ಬಹುಪಾಲು ಸೋರಿಕೆಗಳು ತೊಂದರೆ ಕೊಡುವುದಿಲ್ಲ, ನಿಜ. ಆದರೆ 2021ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ವರದಿಯನ್ನು ನೋಡಿ. ಚಿಕಿತ್ಸೆಯಾಗಿ ವಾರ ಕಳೆದಿದ್ದ 56 ವರ್ಷದ ರೋಗಿಗೆ ಎರಡು ದಿನಗಳಿಂದ ಎದೆನೋವು, ಏದುಸಿರು. ಎದೆ ತೆರೆದಾಗ 10.1 ಸೆಂಟಿಮೀಟರ್ ಉದ್ದದ ಸಿಮೆಂಟಿನ ಕಡ್ಡಿ ಬಲ ಹೃತ್ಕರ್ಣವನ್ನು ಸೀಳಿ ಶ್ವಾಸಕೋಶವನ್ನು ಚುಚ್ಚಿತ್ತು. ಅದನ್ನು ತೆಗೆದು ಹರಿದುದನ್ನು ಹೊಲಿದರು, ರೋಗಿ ಚೇತರಿಸಿಕೊಂಡ.

ಆದುದರಿಂದಲೇ ಸಿಮೆಂಟು ಮಂದವಾದ ಮೇಲೆ, ಎಕ್ಸ್‌ರೇ ತೆರೆಯನ್ನು ನೋಡುತ್ತಲೇ, ಮೆಲ್ಲಮೆಲ್ಲನೆ ತುಂಬಬೇಕು. ಸೋರಿಕೆ ಕಂಡೊಡನೆ ಕೈ ನಿಲ್ಲಿಸಬೇಕು. 2009ರಲ್ಲಿ ಹೊರಬಂದ ಎರಡು ಪರೀಕ್ಷೆಗಳಲ್ಲಿಯಂತೂ ಸಿಮೆಂಟು ತುಂಬಿಸಿಕೊಂಡವರಿಗೂ ತುಂಬಿದಂತೆ ನಟಿಸಿ ಕಳುಹಿಸಿದವರಿಗೂ ನೋವು ಹೆಚ್ಚುಕಡಿಮೆ ಸಮನಾಗಿಯೇ ತಗ್ಗಿತು. ಯಾರಿಗೆ ಈ ಚಿಕಿತ್ಸೆ ತಕ್ಕುದು ಎಂಬ ಚರ್ಚೆ ಇನ್ನೂ ನಡೆದಿದೆ.

ನಿಮ್ಮ ಮನೆಯ ಹಿರಿಯರಿಗೆ ಇದನ್ನು ಸೂಚಿಸಿದರೆ, ಇದು ಬೇಕೇಬೇಕೆ ಎಂದು ಸಂಕೋಚವಿಲ್ಲದೆ ಕೇಳಿರಿ. ಮಾಡಿಸಿಕೊಂಡ ಮೇಲೆ, ವಾರ ಕಳೆದಿದ್ದರೂ ಸರಿಯೆ, ಎದೆ ನೊಂದರೆ ಅಥವಾ ಉಸಿರು ಸಿಕ್ಕಿಕೊಂಡಂತಾದರೆ ವಾಯುವೆಂದು ಕಷಾಯ ಕುಡಿದು ಮಲಗಬೇಡಿರಿ. ತಡಮಾಡದೆ ಆಸ್ಪತ್ರೆಗೆ ಹೋಗಿ, ಬೆನ್ನಿಗೆ ಸಿಮೆಂಟು ತುಂಬಿಸಿದ್ದುಂಟು ಎಂದು ಮೊದಲ ಮಾತಿನಲ್ಲೇ ಹೇಳಿರಿ.